ಇಬ್ಬರಿಗೂ ಹಿಡಿಸುವ ಪ್ರೇಮದ ಸಿನಿಮಾ ಇದೆಯಾ? ಅಣ್ಣನ ಪರ, ತಂಗಿಯ ವಿರೋಧ

ಗಂಡಸರಿಗೂ ಹೆಂಗಸರಿಗೂ ಒಂದೇ ಥರ ಹಿಡಿಸುವ ಪ್ರೇಮದ ಸಿನಿಮಾ ಇದೆಯಾ? ಕಲಬುರಗಿಯ ಒಂದೇ ಮನೆಯ ಅಣ್ಣ-ತಂಗಿ ಇಲ್ಲಿ ವಾದಕ್ಕೆ ಬಿದ್ದಿದ್ದಾರೆ. ಅಣ್ಣ ಬರೆದದ್ದನ್ನು ಓದಿದ ಮೇಲೆ ತಂಗಿ ಬರೆದಿದ್ದಾಳೆ.

ಪರ: ಇದೆ, ಬೇಕಾದಷ್ಟಿದೆ

ಲವ್ ಸ್ಟೋರಿ ಹೆಂಗಸರಿಗೆ, ಫೈಟ್ ಗಂಡಸರಿಗೆ. ಈ ಹಂಚಿಕೆ ಮಾಡಿದವರು ಯಾರೋ, ಟಾಕೀಸಿನೊಳಗೆ ಕಾಲಿಟ್ಟವರಂತೂ ಅಲ್ಲ. ‘ಮುಂಗಾರು ಮಳೆ’ 2006ರ ಡಿಸೆಂಬರ್ ಕೊನೆಗೆ ಬಂತು. ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ಒಂದು ವರ್ಷಕ್ಕೂ ಜಾಸ್ತಿ ಓಡಿತು. ಬರೀ ಹುಡುಗಿಯರು ನೋಡಿದ್ದರೆ ಅಷ್ಟು ಓಡುತ್ತಿತ್ತಾ? ಬರೀ ಹುಡುಗರು ನೋಡಿದ್ದರೆ? ಜಯಂತ ಕಾಯ್ಕಿಣಿ ಬರೆದು ಸೋನು ನಿಗಮ್ ಹಾಡಿದ ‘ಅನಿಸುತಿದೆ ಯಾಕೋ ಇಂದು’ ನಮ್ಮೂರಿನ ಆಟೋಗಳಲ್ಲೂ ಕೇಳಿಸುತ್ತಿತ್ತು, ಮದುವೆ ಮನೆಯ ಆರ್ಕೆಸ್ಟ್ರಾದಲ್ಲೂ ಕೇಳಿಸುತ್ತಿತ್ತು. ಆಟೋ ಓಡಿಸುವವರು ಗಂಡಸರೇ ಅಲ್ವಾ?

ಆ ಸಿನಿಮಾ ಗಂಡಸರಿಗೆ ಯಾಕೆ ಹಿಡಿಸಿತು ಅಂತ ನನಗೊಂದು ಲೆಕ್ಕಾಚಾರ ಇದೆ. ಅದರಲ್ಲಿ ದೇವದಾಸ ಅನ್ನುವ ಮೊಲ ಇದೆ. ಹುಡುಗಿ ಕೈತಪ್ಪಿದಳು ಅಂತ ಗಂಡಸು ಟಾಕೀಸಿನಲ್ಲಿ ಅತ್ತರೆ ಪಕ್ಕದ ಸೀಟಿನ ಗೆಳೆಯ ಒಂದು ತಿಂಗಳು ರೇಗಿಸುತ್ತಾನೆ. ಮೊಲ ಸತ್ತಿತು ಅಂತ ಅತ್ತರೆ ಯಾರೂ ಏನೂ ಅನ್ನುವುದಿಲ್ಲ. ಯೋಗರಾಜ ಭಟ್ಟರು ನಮ್ಮಂಥವರಿಗೆ ಅಳಲು ಒಂದು ನೆಪ ಕೊಟ್ಟರು. ನಾವು ಅತ್ತದ್ದು ಹೀರೋ ಪ್ರೀತಮ್‌ಗಾಗಿಯೇ. ಹೆಸರು ಮಾತ್ರ ಮೊಲದ್ದು.

ನನ್ನ ಪ್ರಕಾರ ಇಬ್ಬರಿಗೂ ಹಿಡಿಸುವ ಪ್ರೇಮದ ಸಿನಿಮಾದಲ್ಲಿ ಪ್ರೇಮದ ಜೊತೆಗೆ ಇನ್ನೊಂದು ಎಳೆ ಇರಬೇಕು. ಒಂದು ಒಗಟು, ಒಂದು ಮನೆಯ ಕಷ್ಟ, ದುಡ್ಡಿನ ಚಿಂತೆ, ಏನಾದರೂ ಸರಿ. ಬರೀ ಕಣ್ಣು ಕಣ್ಣು ಕಲೆತರೆ ಅರ್ಧ ಗಂಟೆಗೆ ನನಗೆ ಮೊಬೈಲ್ ನೆನಪಾಗುತ್ತದೆ. 1995ರ ‘ಬೆಳದಿಂಗಳ ಬಾಲೆ’ ತಗೊಳ್ಳಿ. ಸುನಿಲ್ ಕುಮಾರ್ ದೇಸಾಯಿ ಅದನ್ನು ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿಯಿಂದ ಮಾಡಿದರು. ಅನಂತನಾಗ್ ಚೆಸ್ ಆಟಗಾರ. ಫೋನಿನಲ್ಲಿ ಒಬ್ಬಳ ದನಿ ಬರುತ್ತದೆ. ಅವಳು ಯಾರು, ಎಲ್ಲಿದ್ದಾಳೆ? ಸುಳಿವು ಒಂದೊಂದೇ ಬಿಡಿಸಬೇಕು. ಪತ್ತೇದಾರಿ ಕತೆ ಅಂತ ಕೂತವನಿಗೆ ಪ್ರೇಮ ಸಿಗುತ್ತದೆ, ಪ್ರೇಮದ ಕತೆ ಅಂತ ಕೂತವಳಿಗೆ ಪತ್ತೇದಾರಿ ಸಿಗುತ್ತದೆ. 2022ರ ತೆಲುಗಿನ ‘ಸೀತಾ ರಾಮಂ’ ಕೂಡ ಇದೇ ಜಾತಿಯದು. ಹಿಂದೆ ಮುಂದೆ ಯಾರೂ ಇಲ್ಲದ ಒಬ್ಬ ಸೈನಿಕ, ಹೆಂಡತಿ ಅಂತ ಹೇಳಿಕೊಂಡು ಅವನಿಗೆ ಯಾರೋ ಬರೆಯುವ ಪತ್ರ. ಹೈದರಾಬಾದು ಹತ್ತಿರ ಇರುವುದರಿಂದ ನಮಗೆ ತೆಲುಗು ಪರಭಾಷೆ ಅನ್ನಿಸುವುದೇ ಇಲ್ಲ. ಹಿಂದಿ, ಮರಾಠಿಯೂ ಅಷ್ಟೇ. ಸಿನಿಮಾ ನೋಡುವ ವಿಷಯದಲ್ಲಿ ಕಲಬುರಗಿಯವರು ಪುಣ್ಯವಂತರು.

ಇನ್ನು ಮದುವೆಯ ನಂತರದ ಪ್ರೇಮ. ಇದನ್ನು ಕನ್ನಡದವರು ಚೆನ್ನಾಗಿ ಮಾಡಿದ್ದಾರೆ. 1974ರ ‘ಎರಡು ಕನಸು’ ನೋಡಿ. ವಾಣಿಯವರ ಕಾದಂಬರಿ, ದೊರೈ-ಭಗವಾನ್ ನಿರ್ದೇಶನ, ರಾಜನ್-ನಾಗೇಂದ್ರ ಸಂಗೀತ. ರಾಜ್‌ಕುಮಾರ್ ಪ್ರೀತಿಸಿದ್ದು ಮಂಜುಳಾಳನ್ನು, ಮದುವೆಯಾದದ್ದು ಕಲ್ಪನಾಳನ್ನು. ಹಳೆಯದು ಮನಸ್ಸಿನಿಂದ ಹೋಗುವುದಿಲ್ಲ, ಹೊಸದನ್ನು ಒಳಗೆ ಕರೆಯುವುದಿಲ್ಲ. ಮನೆಯವರು ನೋಡಿ ಮಾಡಿದ ಮದುವೆಯೇ ಜಾಸ್ತಿ ಇರುವ ನಮ್ಮ ಕಡೆ ಈ ಕತೆ ಯಾರಿಗೆ ಗೊತ್ತಿಲ್ಲ ಹೇಳಿ. 2007ರ ‘ಮಿಲನ’ದಲ್ಲಿ ಇದೇ ಗಂಟು ತಿರುವುಮುರುವು. ಮೊದಲ ರಾತ್ರಿಯೇ ಹೆಂಡತಿ ಡಿವೋರ್ಸ್ ಕೇಳುತ್ತಾಳೆ, ತನಗೆ ಬೇರೆಯವನು ಇಷ್ಟ ಅನ್ನುತ್ತಾಳೆ. ಪುನೀತ್ ಸಿಟ್ಟಾಗುವುದಿಲ್ಲ, ಸಹಾಯ ಮಾಡುತ್ತೇನೆ ಅನ್ನುತ್ತಾನೆ. ಆಮೇಲೆ ಇಬ್ಬರೂ ಒಂದೇ ಸೂರಿನ ಕೆಳಗೆ ಗೆಳೆಯರ ಥರ ಇರುತ್ತಾರೆ. ಹೆಂಗಸರಿಗೆ ಇಂಥ ಗಂಡ ಬೇಕು ಅನ್ನಿಸುತ್ತದೆ, ಗಂಡಸರಿಗೆ ಇಂಥವನಾಗಬೇಕು ಅನ್ನಿಸುತ್ತದೆ. ಎರಡೂ ಕಡೆ ಕೆಲಸ ಆಯಿತಲ್ಲ.

ಆದರೆ ಒಂದೇ ಸಿನಿಮಾ ಹೇಳು ಅಂದರೆ ನಾನು ‘ಸೈರಾಟ್’ ಅನ್ನುತ್ತೇನೆ. ನಾಗರಾಜ ಮಂಜುಳೆ ಅವರ ಮರಾಠಿ ಸಿನಿಮಾ, 2016ರದು. ಸೊಲ್ಲಾಪುರ ಜಿಲ್ಲೆಯ ಕರ್ಮಾಳದ ಸುತ್ತಮುತ್ತ ತೆಗೆದದ್ದು. ಆ ಬಿಸಿಲು, ಆ ಬಾವಿ, ಆ ಕಬ್ಬಿನ ಹೊಲ ನಮಗೆ ಹೊಸದಲ್ಲ. ಪಾಟೀಲರ ಮಗಳು ಆರ್ಚಿ, ಮೀನುಗಾರರ ಮಗ ಪರ್ಶ್ಯಾ. ಅವಳು ಬುಲೆಟ್ ಓಡಿಸುತ್ತಾಳೆ, ಟ್ರ್ಯಾಕ್ಟರ್ ಓಡಿಸುತ್ತಾಳೆ, ಧೈರ್ಯ ಎಲ್ಲ ಅವಳದೇ. ಓಡಿಹೋಗಿ ಹೈದರಾಬಾದ್ ಸೇರುತ್ತಾರೆ. ಸೊಲ್ಲಾಪುರದ ಕಡೆಯಿಂದ ಹೈದರಾಬಾದಿಗೆ ಹೋಗುವ ರೈಲು ಹಾದಿಯಲ್ಲೇ ನಮ್ಮ ಸ್ಟೇಷನ್ ಇದೆ. ಆ ಜೋಡಿ ನಮ್ಮೂರಿನ ಮೇಲೆಯೇ ದಾಟಿಹೋಯಿತೇನೋ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಬೇರೆ ಪ್ರೇಮದ ಸಿನಿಮಾಗಳು ಓಡಿಹೋದಲ್ಲಿಗೆ ಮುಗಿಯುತ್ತವೆ. ಇದು ಅಲ್ಲಿಂದ ಶುರುವಾಗುತ್ತದೆ. ಕೊಳೆಗೇರಿಯ ಕೋಣೆ, ನಾರುವ ಪಾಯಖಾನೆ, ಕೂಲಿ, ಸಂಶಯ, ಜಗಳ, ಮತ್ತೆ ರಾಜಿ. ಸಂಸಾರ ಮಾಡಿದ ಯಾವ ಗಂಡಸಿಗೂ ಯಾವ ಹೆಂಗಸಿಗೂ ಆ ಭಾಗ ತಟ್ಟದೆ ಇರುವುದಿಲ್ಲ. ಆರ್ಚಿಯಾಗಿ ಮಾಡಿದ ರಿಂಕು ರಾಜಗುರುಗೆ ರಾಷ್ಟ್ರ ಪ್ರಶಸ್ತಿಯಲ್ಲಿ ವಿಶೇಷ ಮೆಚ್ಚುಗೆ ಸಿಕ್ಕಿತು. 2017ರಲ್ಲಿ ಎಸ್. ನಾರಾಯಣ್ ಇದನ್ನೇ ‘ಮನಸು ಮಲ್ಲಿಗೆ’ ಅಂತ ಕನ್ನಡಕ್ಕೆ ತಂದಾಗ ನಾಯಕಿ ಅದೇ ರಿಂಕು. ನಮ್ಮವರಿಗೆ ಮರಾಠಿಯದೇ ಸಾಕಾಗಿತ್ತು, ಅದು ಬೇರೆ ಮಾತು.

ಹಳೆಯ ಟಾಕೀಸುಗಳಲ್ಲಿ ಹೆಂಗಸರ ಟಿಕೆಟ್ ಸಾಲೇ ಬೇರೆ ಇರುತ್ತಿತ್ತು. ಈಗ ಗಂಡ ಹೆಂಡತಿ ಸೂಪರ್ ಮಾರ್ಕೆಟ್‌ನಲ್ಲಿ ಸಾಮಾನು ತಗೊಂಡು ಮ್ಯಾಟ್ನಿಗೆ ಒಟ್ಟಿಗೇ ಹೋಗುತ್ತಾರೆ, ಪಕ್ಕಪಕ್ಕ ಕೂರುತ್ತಾರೆ, ಒಂದೇ ಜಾಗದಲ್ಲಿ ನಗುತ್ತಾರೆ. (ಮೇ ತಿಂಗಳ ಬಿಸಿಲಿನಲ್ಲಿ ಎಸಿ ಇದ್ದರೆ ಸಾಕು, ಯಾವ ಸಿನಿಮಾ ಆದರೂ ಇಬ್ಬರಿಗೂ ಹಿಡಿಸುತ್ತದೆ ಅನ್ನುವವರೂ ಇದ್ದಾರೆ.) ಇಬ್ಬರಿಗೂ ಹಿಡಿಸುವ ಸಿನಿಮಾ ಇಲ್ಲ ಅನ್ನುವವರು ಇಂಟರ್ವಲ್‌ನಲ್ಲಿ ಒಮ್ಮೆ ಆ ಮುಖಗಳನ್ನು ನೋಡಲಿ.

ವಿರೋಧ: ಒಂದೇ ಪರದೆ, ಎರಡು ಸಿನಿಮಾ

ಅಣ್ಣ ಹೇಳಿದ ಸಿನಿಮಾಗಳೆಲ್ಲ ನನಗೂ ಇಷ್ಟ. ಜಗಳ ಅಲ್ಲಿಲ್ಲ. ಇಬ್ಬರೂ ಇಷ್ಟಪಡುತ್ತಾರೆ ಅನ್ನುವುದು ನಿಜ. ಒಂದೇ ಥರ ಇಷ್ಟಪಡುತ್ತಾರೆ ಅನ್ನುವುದು ಸುಳ್ಳು. ನಾವು ಹೆಂಗಸರು ಹೀರೋನ ಸೀಟಿನಲ್ಲಿ ಕೂತು ನೋಡುವುದನ್ನು ಸಣ್ಣವರಿದ್ದಾಗಲೇ ಕಲಿತುಬಿಟ್ಟಿದ್ದೇವೆ. ಗಂಡಸರಿಗೆ ಹೀರೋಯಿನ್ ಸೀಟಿನಲ್ಲಿ ಕೂರುವ ಪ್ರಸಂಗವೇ ಬಂದಿಲ್ಲ.

‘ಮುಂಗಾರು ಮಳೆ’ಯಿಂದಲೇ ಶುರು ಮಾಡೋಣ. ನಂದಿನಿ ತನಗೆ ಪ್ರೀತಮ್ ಬೇಕು ಅಂತ ಬಾಯಿಬಿಟ್ಟು ಹೇಳಿದ್ದಾಳೆ. ಗೌತಮ್ ಅನ್ನುವವನ ಜೊತೆ ಅವಳ ಮದುವೆ ಹತ್ತಿರ ಬಂದಿದೆ. ಅಪ್ಪನಿಗೆ ಆರೋಗ್ಯ ಸರಿ ಇಲ್ಲ. ಆಗ ಪ್ರೀತಮ್ ತನ್ನಷ್ಟಕ್ಕೆ ತಾನೇ ತ್ಯಾಗ ಮಾಡುತ್ತಾನೆ. ಯಾರನ್ನು ಕೇಳಿ? ಅವಳನ್ನಂತೂ ಕೇಳಿ ಅಲ್ಲ. ಅವಳ ಬಾಳು ಎಲ್ಲಿ ಹೋಗಬೇಕು ಅಂತ ತೀರ್ಮಾನ ಆದದ್ದು ಅವಳಿಲ್ಲದ ಜಾಗದಲ್ಲಿ. ಅಣ್ಣ ಮೊಲಕ್ಕೆ ಅತ್ತ, ಒಳ್ಳೆಯದು. ನಮ್ಮ ಓಣಿಯ ಹೆಂಗಸರು ಮನೆಗೆ ಬರುತ್ತಾ ಮಾತಾಡಿದ್ದು ಬೇರೆ. ಮುಂದೆ ಅವಳು ಆ ಗೌತಮ್ ಜೊತೆ ಹೆಂಗ ಬಾಳಿದಳು? ಮಳೆ ಬಂದಾಗ ಏನನ್ನಿಸುತ್ತದೆ ಅವಳಿಗೆ? ಅವನಿಗಾದರೂ ಹೇಳಿದಳಾ, ಇಲ್ಲವಾ? ಈ ಪ್ರಶ್ನೆಗಳು ಸಿನಿಮಾದಲ್ಲಿ ಇಲ್ಲ. ನಾವು ನಮ್ಮದೇ ಸಿನಿಮಾ ಮುಂದುವರಿಸಿಕೊಂಡು ಬಂದೆವು.

‘ಬೆಳದಿಂಗಳ ಬಾಲೆ’ ಚೆಂದದ ಸಿನಿಮಾ, ಎರಡು ಮಾತಿಲ್ಲ. ಆದರೆ ಅಣ್ಣ ಅದನ್ನು ಇಬ್ಬರ ಸಿನಿಮಾ ಅಂತ ಹೇಗೆ ಕರೆದ? ಅದರಲ್ಲಿ ಅವಳು ಹೆಚ್ಚು ಕಡಿಮೆ ಬರೀ ಒಂದು ದನಿ. ಅವನಿಗೆ ಮುಖ ಇದೆ, ಗೆಳೆಯರಿದ್ದಾರೆ, ಚೆಸ್ ಬೋರ್ಡ್ ಇದೆ. ಅವಳು ಅವನು ಬಿಡಿಸಬೇಕಾದ ಒಗಟು. ಒಗಟು ಬಿಡಿಸುವವರಿಗೆ ಮಜಾ ಇರುತ್ತದೆ. ಒಗಟಿಗೆ ಏನು ಮಜಾ?

‘ಎರಡು ಕನಸು’ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗಂಡ ತನ್ನ ಹಳೆಯ ಕನಸಿನಿಂದ ಎದ್ದು ಬರುವವರೆಗೆ ಹೆಂಡತಿ ಕಾಯಬೇಕು. ಕಲ್ಪನಾ ಆ ಕಾಯುವಿಕೆಯನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆ ಅಂದರೆ, ಕಾಯುವುದೇ ಪ್ರೀತಿ ಅಂತ ನಮ್ಮ ಅವ್ವನ ಕಾಲದವರು ನಂಬಿದರು. ‘ಮಿಲನ’ಕ್ಕೆ ಅರ್ಧ ಮಾರ್ಕು ಕೊಡುತ್ತೇನೆ. ಅಲ್ಲಿ ಅವಳು ಮೊದಲ ರಾತ್ರಿಯೇ ಮಾತಾಡುತ್ತಾಳೆ. ಆದರೆ ಎದುರಿಗೆ ಇರುವುದು ಪುನೀತ್. ನಮ್ಮ ಕಡೆ ಒಬ್ಬ ಹುಡುಗಿ ಮದುವೆಯಾದ ರಾತ್ರಿ ಹಾಗೆ ಹೇಳಿದರೆ ಬೆಳಗಾಗುವುದರೊಳಗೆ ಎರಡೂ ಕಡೆಯ ಹಿರಿಯರು ಪಡಸಾಲೆಯಲ್ಲಿ ಕೂತಿರುತ್ತಾರೆ. ಗಂಡಸರು ಆ ಸಿನಿಮಾ ನೋಡಿ ‘ಎಂಥ ಒಳ್ಳೆ ಮನುಷ್ಯ’ ಅನ್ನುತ್ತಾರೆ. ನಾವು ‘ಎಂಥ ಅದೃಷ್ಟ’ ಅನ್ನುತ್ತೇವೆ. ಅವನು ಅಷ್ಟು ಒಳ್ಳೆಯವನಲ್ಲದಿದ್ದರೆ ಏನಾಗುತ್ತಿತ್ತು ಅನ್ನುವ ಹೆದರಿಕೆ ಆ ಅದೃಷ್ಟದ ಹಿಂದೆಯೇ ಇರುತ್ತದೆ.

ಅಣ್ಣ ಜಾಣತನದಿಂದ ಬಿಟ್ಟ ಒಂದು ಸಿನಿಮಾ ಇದೆ, ‘ಸಪ್ತ ಸಾಗರದಾಚೆ ಎಲ್ಲೋ’. 2023ರಲ್ಲಿ ಎರಡು ಭಾಗವಾಗಿ ಬಂತು, ಸೆಪ್ಟೆಂಬರ್‌ನಲ್ಲಿ ಒಂದು, ನವೆಂಬರ್‌ನಲ್ಲಿ ಇನ್ನೊಂದು. ಮೊದಲ ಭಾಗ ಇಬ್ಬರಿಗೂ ಹಿಡಿಸಿತು, ಒಪ್ಪುತ್ತೇನೆ. ದುಡ್ಡಿಗಾಗಿ, ಒಂದು ಮನೆಗಾಗಿ ಮನು ಬೇರೆಯವರ ತಪ್ಪನ್ನು ತಲೆ ಮೇಲೆ ಹೊತ್ತು ಜೈಲಿಗೆ ಹೋಗುತ್ತಾನೆ. ಪ್ರಿಯಾ ಹೊರಗೆ ಒದ್ದಾಡುತ್ತಾಳೆ. ಎರಡನೇ ಭಾಗದಲ್ಲಿ ಅವನು ಹೊರಗೆ ಬರುತ್ತಾನೆ. ಅವಳಿಗೆ ಮದುವೆಯಾಗಿದೆ, ಮಗು ಇದೆ, ಮನೆಯಲ್ಲಿ ಕಷ್ಟ ಇದೆ. ಇವನು ಅವಳಿಗೆ ಗೊತ್ತಾಗದ ಹಾಗೆ ಅವಳ ಬೆನ್ನು ಹತ್ತುತ್ತಾನೆ, ಅವಳ ಸಂಸಾರ ಸರಿಮಾಡಲು ಹೋಗುತ್ತಾನೆ. ಹುಡುಗರಿಗೆ ಇದು ಎಂಥ ಪ್ರೀತಿ ಅನ್ನಿಸಿತು. ನನಗೆ ಮನೆಗೆ ಬಂದು ಕಿಟಕಿ ಹಾಕಿಕೊಳ್ಳಬೇಕು ಅನ್ನಿಸಿತು. ರಕ್ಷಿತ್ ಶೆಟ್ಟಿ ಚೆನ್ನಾಗಿ ಮಾಡಿಲ್ಲ ಅಂತಲ್ಲ. ಯಾರೋ ನನ್ನ ಮನೆ ಕಾಯುತ್ತಿದ್ದಾನೆ ಅನ್ನುವುದು ನೋಡುವವನಿಗೆ ಪ್ರೇಮ, ನೋಡಿಸಿಕೊಳ್ಳುವವಳಿಗೆ ಬೇರೆಯೇ.

ಇನ್ನು ಪಕ್ಕಪಕ್ಕ ಕೂತು ನಗುತ್ತಾರೆ ಅನ್ನುವ ಮಾತು. ಮ್ಯಾಟ್ನಿಗೆ ಹೋಗಬೇಕಾದರೆ ರೊಟ್ಟಿ ಬಡಿದಿಟ್ಟು, ಪಲ್ಯ ಮುಚ್ಚಿಟ್ಟು, ಮಕ್ಕಳನ್ನು ಯಾರ ಹತ್ತಿರವಾದರೂ ಬಿಟ್ಟು ಬರಬೇಕು. ಯಾವ ಸಿನಿಮಾ ಅಂತ ಆಮೇಲೆ ಗೊತ್ತಾಗುತ್ತದೆ, ಟಿಕೆಟ್ ಬುಕ್ ಮಾಡುವ ಫೋನು ಅಣ್ಣನ ಕೈಯಲ್ಲಿ. ಇಂಟರ್ವಲ್‌ನಲ್ಲಿ ಮುಖ ನೋಡಿ ಅನ್ನುವವನು ತನ್ನ ಪಕ್ಕದ ಮುಖವನ್ನು ಕೇಳಿದನಾ? ನಾನು ವೈನಿಯನ್ನು ಕೇಳಿದೆ. ‘ನಿಮ್ಮಣ್ಣಗ ಖುಷಿ ಆದ್ರ ಸಾಕಂತ ಕೂತಿರ್ತೀನವ್ವ. ಹಾಡು ಛಲೋ ಇರ್ತಾವ, ಅದಕ್ಕ ನಡೀತದ’ ಅಂದರು. ಇದು ಇಬ್ಬರಿಗೂ ಹಿಡಿಸಿದ್ದರ ಸಾಕ್ಷಿಯಾದರೆ ಬರೆದುಕೊಳ್ಳಿ.

‘ಸೈರಾಟ್’ ವಿಷಯಕ್ಕೆ ಬರುತ್ತೇನೆ, ಅಣ್ಣನ ಗಟ್ಟಿ ಸಾಕ್ಷಿ ಅದೇ. ಆರ್ಚಿ ಬುಲೆಟ್ ಮೇಲೆ ಬಂದಾಗ ಗಂಡಸರು ಸಿಳ್ಳೆ ಹಾಕುತ್ತಾರೆ. ನಾವೂ ಖುಷಿಪಡುತ್ತೇವೆ. ಕೊನೆಗೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಅವಳ ತವರಿನವರು ಉಡುಗೊರೆ ಹಿಡಿದು ಮನೆಗೆ ಬರುತ್ತಾರೆ. ಅವರಲ್ಲಿ ಅಣ್ಣನೂ ಇದ್ದಾನೆ. ಆರ್ಚಿ ಚಹಾ ಮಾಡುತ್ತಾಳೆ. ಇಲ್ಲಿ ಗಂಡಸರಿಗೆ ಎದೆ ಡವಡವ ಅನ್ನುತ್ತದೆ, ಮೋಸ ಇರಬಹುದು ಅನ್ನುವ ಸಂಶಯ ಬರುತ್ತದೆ. ಹೆಂಗಸರಿಗೆ ಅದೇ ಹೊತ್ತಿನಲ್ಲಿ ಇನ್ನೊಂದು ಆಗುತ್ತದೆ. ತವರಿನಿಂದ ಸೀರೆ ಬಂತು ಅಂದರೆ ಯಾವ ಹೆಣ್ಣಿನ ಮುಖ ಅರಳುವುದಿಲ್ಲ? ನಮ್ಮ ಬೀಸುವ ಹಾಡು, ಕುಟ್ಟುವ ಹಾಡು ತುಂಬ ತವರೇ ಇದೆ. ತವರಿನ ತಂಪು, ಕರೆಯಲು ಬರುವ ಅಣ್ಣ, ಪಂಚಮಿಯ ಜೋಕಾಲಿ. ಸಾವು ಆ ಅಣ್ಣನ ಕೈಯಲ್ಲೇ ಬರುತ್ತದೆ. ಪರ್ಶ್ಯಾನಿಗೆ ಅವರು ಹೆಂಡತಿ ಕಡೆಯವರು. ಅವಳಿಗೆ ಅವರು ವರ್ಷಗಟ್ಟಲೆ ದಾರಿ ಕಾಯ್ದ ಜನ. ಅವರನ್ನು ಒಳಗೆ ಕರೆದವಳ ಮನಸ್ಸಿನಲ್ಲಿ ಹೆದರಿಕೆಗಿಂತ ಆಸೆ ಜಾಸ್ತಿ ಇತ್ತು ಅನ್ನುವುದು ನಮಗೆ ಕುತ್ತಿಗೆ ಹಿಚುಕಿದಷ್ಟು ತಟ್ಟುತ್ತದೆ. ಆ ಸೀನ್ ಅನ್ನು ನಾನು ನನ್ನ ಅಣ್ಣನ ಪಕ್ಕದಲ್ಲೇ ಕೂತು ನೋಡಿದ್ದೇನೆ. ಅವನು ಪರದೆ ನೋಡುತ್ತಿದ್ದ. ನಾನು ಒಮ್ಮೆ ಅವನ ಕಡೆ ತಿರುಗಿ ನೋಡಿದೆ. ನನ್ನ ಅಣ್ಣ ಅಂಥವನಲ್ಲ ಅಂತ ಗೊತ್ತು. ಆದರೂ ತಿರುಗಿ ನೋಡಿದೆ. ಅವನಿಗೆ ಹಾಗೆ ತಿರುಗಿ ನೋಡುವ ಅಗತ್ಯವೇ ಇರಲಿಲ್ಲ.

ಹಾಗಾದರೆ ನನ್ನ ಆಯ್ಕೆ ಯಾವುದು? ‘ದಿಯಾ’. 2020ರ ಫೆಬ್ರವರಿಯಲ್ಲಿ ಬಂತು, ಮಾರ್ಚ್‌ಗೆ ಲಾಕ್‌ಡೌನ್ ಬಿತ್ತು, ಜಾಸ್ತಿ ಜನ ಮನೆಯಲ್ಲೇ ನೋಡಿದರು. ಮಾತು ಕಮ್ಮಿ ಇರುವ ಹುಡುಗಿ. ಇಷ್ಟಪಟ್ಟವನ ಮುಂದೆ ನಿಂತರೆ ಬಾಯಿ ಬರುವುದಿಲ್ಲ. ಕತೆ ಅವಳ ಜೊತೆಗೇ ನಡೆಯುತ್ತದೆ, ಹುಡುಗರು ಬರುತ್ತಾರೆ, ಹೋಗುತ್ತಾರೆ. ಹೀರೋನ ಸೀಟೇ ಇಲ್ಲದ ಸಿನಿಮಾ. ಗಂಡಸರೂ ಇದನ್ನು ಮೆಚ್ಚಿದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ಅಂಥವು ಹತ್ತು ಬಂದರೆ ನಾನು ಅಣ್ಣನ ಪಕ್ಷ ಸೇರುತ್ತೇನೆ. ಸದ್ಯಕ್ಕೆ ಆಗುವುದಿಲ್ಲ. ನಮ್ಮ ಮನೆಯಲ್ಲಿ ‘ದಿಯಾ’ ಹಾಕಿದಾಗ ಅಣ್ಣ ಅರ್ಧಕ್ಕೇ ಎದ್ದುಹೋದ. ಒಂದೂ ಹಾಡಿಲ್ಲವಂತೆ.