ಆರು ರನ್ನಿನ ನೋವು

ಕ್ರಿಕೆಟ್‌ನಲ್ಲಿ ಬೆಂಗಳೂರಿಗೆ ಎದುರಾಳಿ ಅಂದ್ರೆ ಚೆನ್ನೈ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಐಪಿಎಲ್ ಮಟ್ಟಿಗೆ ನಿಜ ಇರಬಹುದು. ನಮ್ಮ ಮನೇಲಿ ಮಾತ್ರ ಎದುರಾಳಿ ಅಂದ್ರೆ ಮುಂಬೈನೇ. ರಾಜ್ಯ ತಂಡಗಳು ಆಡೋ ರಣಜಿ ಟ್ರೋಫಿಯನ್ನ ಸತತ 15 ವರ್ಷ ಗೆದ್ದಿದ್ದ ಬಾಂಬೆಯನ್ನು 1974ರ ಸೆಮಿಫೈನಲ್‌ನಲ್ಲಿ ಪ್ರಸನ್ನ ಅವರ ನಾಯಕತ್ವದ ಕರ್ನಾಟಕ ತಂಡ ಇದೇ ಬೆಂಗಳೂರಲ್ಲಿ ತಡೆದು ನಿಲ್ಲಿಸಿದ್ದನ್ನ ಅಪ್ಪ ಹಬ್ಬದೂಟಕ್ಕೆ ಕೂತಾಗಲೆಲ್ಲ ಹೇಳೋರು.

2010ರ ಜನವರಿಯಲ್ಲಿ ನಾನು ರೈಲು ಹತ್ತಿ ಮೈಸೂರಿಗೆ ಹೋದೆ, ಗಂಗೋತ್ರಿ ಮೈದಾನದಲ್ಲಿ ಮುಂಬೈ ವಿರುದ್ಧ ಕರ್ನಾಟಕದ ರಣಜಿ ಫೈನಲ್‌ಗೆ. ನಮ್ಮ ಗುರಿ 338. ಮನೀಶ್ ಪಾಂಡೆ 144 ಹೊಡೆದಾಗ ಕಪ್ ಕೈಗೆ ಬಂದೇಬಿಡ್ತು ಅಂದ್ಕೊಂಡೆ. ಆರೇ ಆರು ರನ್ನಿಂದ ಸೋತ್ವಿ. ಅವತ್ತು ಸಂಕ್ರಾಂತಿ. ಅಮ್ಮ ಕಟ್ಟಿಕೊಟ್ಟಿದ್ದ ಎಳ್ಳುಬೆಲ್ಲದ ಪೊಟ್ಟಣ ಜೇಬಲ್ಲಿ ಹಾಗೇ ಇತ್ತು. ಪಕ್ಕದಲ್ಲಿದ್ದ ಮುಂಬೈ ಅಭಿಮಾನಿಯೊಬ್ಬರಿಗೆ ಅದನ್ನ ಬಿಚ್ಚಿ ಕೊಟ್ಟೆ. ಅವರು ತಿಂದು, ಏನೂ ಮಾತಾಡದೆ ನನ್ನ ಹೆಗಲು ಹಿಡ್ಕೊಂಡ್ರು.

2025ರ ಜೂನ್ 3ರಂದು ಬೆಂಗಳೂರಿನ ಆರ್‌ಸಿಬಿ ಐಪಿಎಲ್‌ನ 18ನೇ ಸೀಸನ್‌ನಲ್ಲಿ ಮೊದಲ ಸಲ ಕಪ್ ಗೆದ್ದಿದ್ದೂ ಆರೇ ರನ್ನಿಂದ. ಮಗಳು ಕುಣೀತಿದ್ಲು. ನನಗೆ ಗಂಗೋತ್ರಿ ನೆನಪಾಗಿ ಕಣ್ಣು ತುಂಬಿ ಬಂತು.