ಕಣ್ಣಿಗೆ ಕಬ್ಬಿಣ ಸಿಡಿದರೆ ಚೀಟಿಯಲ್ಲಿ ‘ಬ್ರೇನ್’ ಅಂತ ಬರೀಬೇಡ್ರಿ

ತಾರಿಹಾಳದ ಕಡೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡೋ ಹುಡುಗ. ಬೇರಿಂಗ್ ಬಿಚ್ಚೋಕೆ ಚಾಣ ಇಟ್ಟು ಸುತ್ತಿಗೆಯಿಂದ ಬಡೀತಿದ್ದನಂತೆ. “ಚಟ್ ಅಂತ ಏನೋ ಸಿಡೀತ್ರಿ ಸರ. ಕಸ ಬಿದ್ದಿರಬೇಕಂತ ನೀರು ಹಾಕ್ಕೊಂಡೆ. ಈಗ ನೋವೇನಿಲ್ರಿ, ಜರಾ ಮಂಜು ಮಂಜು ಕಾಣ್ತೈತಿ” ಅಂದ. ಕೈಯಲ್ಲಿದ್ದ ಡಾಕ್ಟರ ಚೀಟಿಯಲ್ಲಿ ಇದ್ದದ್ದು ಎರಡೇ ಪದ. ಸಿಟಿ ಬ್ರೇನ್, ಅಂದರೆ ಮೆದುಳಿನ ಸ್ಕ್ಯಾನ್.

ನಾನು ಹುಬ್ಬಳ್ಳಿಯಲ್ಲಿ ಸಿಟಿ ಸ್ಕ್ಯಾನ್ ಟೆಕ್ನಿಷಿಯನ್. ಇಂಥ ಚೀಟಿ ಕಂಡರೆ ಮೈ ಉರಿಯುತ್ತದೆ. ನಮ್ಮ ಕಡೆ ದೊಡ್ಡ ಮಷಿನ್ ಇಲ್ಲ ಅಂತ ಗೊಣಗೋರು ಜಾಸ್ತಿ. ಇರೋ ಮಷಿನ್ನಿನಲ್ಲೇ ಕಣ್ಣನ್ನು ಎಷ್ಟು ಚೆನ್ನಾಗಿ ನೋಡಬಹುದು ಅನ್ನೋದು ಕೇಳೋರಿಗೇ ಗೊತ್ತಿರಲ್ಲ.

ಲೆಕ್ಕ ಸುಲಭ. ತಲೆಯ ಸ್ಕ್ಯಾನನ್ನು ಸಾಮಾನ್ಯವಾಗಿ 5 ಮಿ.ಮೀ. ದಪ್ಪದ ಹೋಳುಗಳಲ್ಲಿ ನೋಡುತ್ತೇವೆ. ಇಡೀ ಕಣ್ಣುಗುಡ್ಡೆಯೇ ಸುಮಾರು 24 ಮಿ.ಮೀ. ಅಂದರೆ ಕಣ್ಣಿನ ಪಾಲಿಗೆ ಬರೋದು ಐದೇ ಹೋಳು! ಅರ್ಧ ಮಿ.ಮೀ. ಚೂರು ಅದರಲ್ಲಿ ಕಲಸಿಹೋದರೆ ಯಾರಿಗೂ ಕಾಣಲ್ಲ. ಕಣ್ಣಿಗೆ ಅಂತ ಕೇಳಿದರೆ 1 ಮಿ.ಮೀ.ಗಿಂತ ತೆಳುವಾಗಿ ತೆಗೆದು, ಮೇಲಿನಿಂದ, ಎದುರಿನಿಂದ, ಪಕ್ಕದಿಂದ, ಮೂರೂ ಕಡೆಯಿಂದ ಕತ್ತರಿಸಿ ತೋರಿಸಬಹುದು.

ಇನ್ನೊಂದು ಕಾಟ ಲೋಹದ್ದೇ. ಸಿಟಿ ಚಿತ್ರ ತೆಗೆಯೋದು ಎಕ್ಸ್‌ರೇಯಿಂದ. ಕಬ್ಬಿಣ ಎಕ್ಸ್‌ರೇಯನ್ನು ತಾನೇ ನುಂಗಿಬಿಡುತ್ತದೆ. ಅದರ ಹಿಂದೆ ಏನಿದೆ ಅಂತ ಕಂಪ್ಯೂಟರಿಗೆ ತಿಳಿಯದೆ, ಚೂರಿನ ಸುತ್ತ ನಕ್ಷತ್ರದ ಹಾಗೆ ಬಿಳಿ-ಕಪ್ಪು ಗೆರೆ ಎಳೆಯುತ್ತದೆ. ಚೂರು ಇರೋದಕ್ಕಿಂತ ದಪ್ಪಗೂ ಕಾಣುತ್ತದೆ. ಮೆದುಳು ನೋಡೋ ಹೊಳಪಿನ ಸೆಟ್ಟಿಂಗಿನಲ್ಲಿ (ಬ್ರೇನ್ ವಿಂಡೋ) ಜೋಳದ ಕಾಳಿನಷ್ಟು ಕಂಡದ್ದು ಮೂಳೆ ನೋಡೋ ಸೆಟ್ಟಿಂಗಿಗೆ (ಬೋನ್ ವಿಂಡೋ) ಹಾಕಿದರೆ ಸಾಸಿವೆಯಷ್ಟಾಗುತ್ತದೆ. ಕಣ್ಣಿನ ಗೋಡೆಯ ದಪ್ಪ ಸುಮಾರು 1 ಮಿ.ಮೀ. ಚೂರು ಒಳಗಿದೆಯಾ, ಗೋಡೆಗೆ ಕಚ್ಚಿಕೊಂಡಿದೆಯಾ, ಹಿಂದೆ ತೂರಿ ಹೊರಗೇ ಹೋಗಿದೆಯಾ? ಆಪರೇಷನ್ ಮಾಡೋರಿಗೆ ಬೇಕಾದದ್ದು ಇದೇ ಅಲ್ವಾ. ಅಂಥದ್ದರಲ್ಲಿ ಜೋಳದ ಕಾಳನ್ನು ತೋರಿಸಿ ಏನು ಪ್ರಯೋಜನ?

ಗೆರೆ ಅಳಿಸೋ ಸಾಫ್ಟ್‌ವೇರ್ ಈಗ ಎಷ್ಟೋ ಕಡೆ ಇದೆ. ಎರಡು ಬೇರೆ ಶಕ್ತಿಯ ಎಕ್ಸ್‌ರೇ ಬಿಡೋ ಡ್ಯುಯಲ್ ಎನರ್ಜಿ ಮಷಿನ್ ಇದ್ದರೆ ಇನ್ನೂ ಅನುಕೂಲ. ಆದರೆ ಸಾಫ್ಟ್‌ವೇರನ್ನು ಕಣ್ಣುಮುಚ್ಚಿ ನಂಬಬೇಡಿ. ಒಮ್ಮೆ ನಾನೇ ಎಡವಿದ್ದೇನೆ. ಚಿತ್ರ ಚೆಂದ ಕಾಣ್ತಿದೆ ಅಂತ ಅಳಿಸಿದ್ದನ್ನಷ್ಟೇ ಕಳಿಸಿದೆ. ರೇಡಿಯಾಲಜಿಸ್ಟ್ ಮೇಡಂ ಫೋನ್ ಮಾಡಿ, “ಮೊದಲಿಂದು ಎಲ್ಲಿ?” ಅಂದರು. ಮೊದಲಿನದರಲ್ಲಿ ಸ್ಪಷ್ಟವಾಗಿದ್ದ ಚಿಕ್ಕ ಚೂರು ಇದರಲ್ಲಿ ಮಸುಕಾಗಿ ಹೋಗಿತ್ತು. ಗೆರೆಯ ಜೊತೆ ಚೂರನ್ನೂ ಒರೆಸಿತ್ತು ಪುಣ್ಯಾತ್ಮ! ಅವತ್ತಿಂದ ಎರಡೂ ಕಳಿಸುತ್ತೇನೆ.

ಇನ್ನು ನಮ್ಮ ಟಿಕಳಿ (ಹಣೆಗೆ ಅಂಟಿಸೋ ಬಿಂದಿ) ಟೆಕ್ನಿಕ್. ಸ್ಕ್ಯಾನ್ ಆಗೋವಾಗ ಕಣ್ಣು ಅಲುಗಾಡಿದರೆ ಎಷ್ಟು ತೆಳು ಹೋಳು ತೆಗೆದರೂ ದಂಡ. “ನೆಟ್ಟಗೆ ನೋಡು” ಅಂದರೆ ಗಾಬರಿಯಾದವನು ಎಲ್ಲಿ ಅಂತ ನೋಡ್ತಾನೆ? ನಮ್ಮ ಆಯಾ ಅಕ್ಕ ತಮ್ಮ ಟಿಕಳಿ ಪಾಕೀಟಿನಿಂದ ಒಂದು ಕೆಂಪು ಟಿಕಳಿ ಕೊಟ್ಟರು. ಗ್ಯಾಂಟ್ರಿಯ, ಅಂದರೆ ಮಷಿನ್ನಿನ ದೊಡ್ಡ ಬಳೆಯಂಥ ಭಾಗದ, ಅಂಚಿಗೆ ಅಂಟಿಸಿದೆವು. ಆ ಹುಡುಗನಿಗೂ ಅದನ್ನೇ ತೋರಿಸಿ, “ತಮ್ಮಾ, ಚೆನ್ನಾಗಿರೋ ಕಣ್ಣಿಂದ ಇದನ್ನ ನೋಡ್ತಾ ಇರು, ಕೆಲವೇ ಸೆಕೆಂಡು” ಅಂದೆ. ಕಲ್ಲಿನ ಹಾಗೆ ಮಲಗಿದ. ಅದಕ್ಕೆ ಮುಂಚೆ ಡಾಕ್ಟರಿಗೆ ಫೋನ್ ಮಾಡಿ ಬ್ರೇನ್ ಬದಲು ಆರ್ಬಿಟ್ (ಕಣ್ಣಿನ ಗೂಡು) ಅಂತ ಬರೆಸಿಕೊಂಡಿದ್ದೆ. ಚೂರು ಕಣ್ಣಿನ ಒಳಗೇ, ಹಿಂಭಾಗದಲ್ಲಿ ಕೂತಿತ್ತು.

ನೋವಿಲ್ಲ ಅಂದಿದ್ದ ನೋಡಿ. ಬಿಸಿಯಾಗಿ, ವೇಗವಾಗಿ ತೂರೋ ಚಿಕ್ಕ ಚೂರಿನ ಗಾಯ ತಾನೇ ಮುಚ್ಚಿಕೊಳ್ಳಬಹುದು. ಆದರೆ ಕಬ್ಬಿಣ ಒಳಗೇ ಉಳಿದರೆ ತುಕ್ಕು ಬಿಡುತ್ತದೆ, ತಿಂಗಳು-ವರ್ಷಗಳಲ್ಲಿ ದೃಷ್ಟಿ ತಿಂದುಹಾಕಬಹುದು. ಇಂಥವರನ್ನು ಸುಮ್ನೆ ಎಂಆರ್‌ಐಗೆ ಕಳಿಸಿದರಂತೂ ಮುಗೀತು. ಆ ಮಷಿನ್ನಿನ ಅಯಸ್ಕಾಂತ ಚೂರನ್ನು ಎಳೆಯುತ್ತದೆ.

ರೋಹಿಣಿ ಮಳೆಗೆ ಮುಂಚೆ ಕುಂದಗೋಳ, ನವಲಗುಂದದ ಹಳ್ಳಿಗಳಲ್ಲಿ ಕುಂಟೆ, ಕೂರಿಗೆ ಬಡಿಯೋ ಕೆಲಸ ಜೋರು. ಆ ಹೊತ್ತಿಗೆ ಯಾರಿಗಾದರೂ ಹೀಗಾದರೆ ಕಣ್ಣು ಉಜ್ಜಬೇಡಿ, ಒತ್ತಿ ಪಟ್ಟಿ ಕಟ್ಟಬೇಡಿ. ಡಾಕ್ಟರ ಹತ್ತಿರ ಸುತ್ತಿಗೆಯ ಕಥೆ ಪೂರ್ತಿ ಹೇಳಿ. ಚೀಟಿಯಲ್ಲಿ ಇಷ್ಟು ಇದೆಯಾ ಅಂತ ನೋಡಿಕೊಂಡು ಬನ್ನಿ: ಯಾವ ಕಣ್ಣು, ಲೋಹದ ಚೂರಿನ ಅನುಮಾನ, ಆರ್ಬಿಟ್, ಥಿನ್ ಕಟ್ (ತೆಳು ಹೋಳು). ಟಿಕಳಿ ನಮ್ಮಲ್ಲಿದೆ.