ಸತ್ಯಾಂಶ: ಡೊಂಕು ಬಾಳೆಹಣ್ಣಿಗೆ ಯೂರೋಪ್ ನಿಷೇಧ ಹಾಕಿತ್ತಾ?

"ಡೊಂಕು ಬಾಳೆಹಣ್ಣು ಮಾರಬಾರದು ಅಂತ ಯೂರೋಪಿಯನ್ ಒಕ್ಕೂಟ ಕಾನೂನು ಮಾಡಿತು. ಅದಕ್ಕೇ ಬ್ರಿಟನ್ ಹೊರಬಂತು." ವಾಟ್ಸಾಪ್‌ನಲ್ಲಿ ಆಗಾಗ ಸುತ್ತುವ ಸಂದೇಶ ಇದು. ನಗು ಬರುತ್ತದೆ, ಆದರೆ ನಿಜ ಬೇರೆ.

1994ರಲ್ಲಿ ಒಂದು ನಿಯಮ ಬಂದದ್ದು ಹೌದು. ಬಾಳೆಕಾಯಿ ಕನಿಷ್ಠ 14 ಸೆಂ.ಮೀ. ಉದ್ದ ಇರಬೇಕು, ‘ಅಸಹಜ ಬಾಗು’ ಇರಬಾರದು ಎಂದು ಅದು ಹೇಳಿತ್ತು. ಎಷ್ಟು ಬಾಗಿದರೆ ಅಸಹಜ? ಅದನ್ನು ಬರೆದಿರಲೇ ಇಲ್ಲ. ಕೊನೆಯ ದರ್ಜೆಯ ಕಾಯಿಯ ಆಕಾರ ಸ್ವಲ್ಪ ಕೆಟ್ಟಿದ್ದರೂ ಮಾರಬಹುದಿತ್ತು. ಅಂದರೆ ಇದು ದರ್ಜೆಯ ಲೆಕ್ಕ, ಡೊಂಕಿಗೆ ಹಾಕಿದ ನಿಷೇಧ ಅಲ್ಲ. ಸೌತೆಕಾಯಿಗೆ ಮಾತ್ರ ಬಾಗಿನ ಅಳತೆಯೇ ಇತ್ತು: ಮೇಲಿನ ದರ್ಜೆಗೆ 10 ಸೆಂ.ಮೀ. ಉದ್ದಕ್ಕೆ ಹೆಚ್ಚೆಂದರೆ 10 ಮಿ.ಮೀ. ಬಾಗು. ಅದನ್ನೂ 2009ರಲ್ಲಿ ಕೈಬಿಟ್ಟರು.

ಹಾಗಾದರೆ ಒಕ್ಕೂಟದ ಮೇಲೆ ಜನರ ಸಿಟ್ಟು ಸುಮ್ನೆ ಬಂದದ್ದಾ? ಅಲ್ಲ. 2005ರಲ್ಲಿ ಫ್ರಾನ್ಸ್ ಮತ್ತು ನೆದರ್ಲೆಂಡ್ಸ್ ಜನ ಒಕ್ಕೂಟದ ಉದ್ದೇಶಿತ ಸಂವಿಧಾನದ ಬಗ್ಗೆ ಮತ ಹಾಕಿ ‘ಬೇಡ’ ಎಂದರು. ಅದರಲ್ಲಿದ್ದ ಬಹುಪಾಲು ವಿಷಯ 2007ರ ಲಿಸ್ಬನ್ ಒಪ್ಪಂದದಲ್ಲಿ ವಾಪಸ್ ಬಂತು. ಈ ಸಲ ಆ ಎರಡೂ ದೇಶಗಳಲ್ಲಿ ಜನರನ್ನು ಕೇಳಲಿಲ್ಲ, ಸಂಸತ್ತಿನಲ್ಲೇ ಮುಗಿಸಿದರು. ಐರ್ಲೆಂಡ್ 2008ರಲ್ಲಿ ಬೇಡ ಎಂದಿತು. ಕೆಲವು ಭರವಸೆ ಕೊಟ್ಟು 2009ರಲ್ಲಿ ಮತ್ತೆ ಮತ ಹಾಕಿಸಿದರು, ಆಗ ಒಪ್ಪಿತು. ಬಾಳೆಹಣ್ಣಿಗಿಂತ ಇದು ಜಾಸ್ತಿ ಚುಚ್ಚುವ ವಿಷಯ, ಅಲ್ವಾ?

ಇನ್ನೊಂದು ಮಾತು. ಬ್ರಸೆಲ್ಸ್‌ನಲ್ಲಿರುವ ಯೂರೋಪಿಯನ್ ಆಯೋಗ, ಅಂದರೆ ಒಕ್ಕೂಟದ ಆಡಳಿತ ಸಂಸ್ಥೆ, ಕಾನೂನಿನ ಕರಡು ಬರೆಯುತ್ತದೆ. ಸಾಮಾನ್ಯವಾಗಿ ಅದನ್ನು ಪಾಸು ಮಾಡುವುದು ಸದಸ್ಯ ದೇಶಗಳ ಮಂತ್ರಿಗಳು ಮತ್ತು ಚುನಾಯಿತ ಸಂಸತ್ತು. ಅಲ್ಲಿ ಕೈ ಎತ್ತಿದ ಮಂತ್ರಿಯೇ ಊರಿಗೆ ಬಂದು "ಎಲ್ಲ ಬ್ರಸೆಲ್ಸ್‌ನವರು ಮಾಡಿದ್ದು" ಎಂದು ಜಾರಿಕೊಳ್ಳುವುದೂ ಉಂಟು.